ಬೀಗರೂಟದ ಮೂಳೆ ಲೆಕ್ಕ

ಮಾಂಸದೂಟಕ್ಕೆ ಕೂತಾಗ ನನಗೊಂದು ಕೆಟ್ಟ ಅಭ್ಯಾಸವಿದೆ. ತಿಂದ ಮೂಳೆಗಳನ್ನು ಎಲ್ಲರಂತೆ ಎಲೆಯ ಮೂಲೆಯಲ್ಲಿ ಗುಡ್ಡೆ ಹಾಕಲು ನನಗೆ ಬರುವುದಿಲ್ಲ. ಎಡಗಾಲಿನದು ಎಡಕ್ಕೆ, ಬಲಗಾಲಿನದು ಬಲಕ್ಕೆ, ಪಕ್ಕೆಲುಬುಗಳು ಒಂದು ಸಾಲಿನಲ್ಲಿ, ಬೆನ್ನುಮೂಳೆಯ ಮಣಿಗಳು ಮೇಲಿನ ಅಂಚಿನಲ್ಲಿ. ಬಾಯಿ ತನ್ನ ಪಾಡಿಗೆ ತಿನ್ನುತ್ತಿರುತ್ತದೆ, ಕೈ ತನ್ನ ಪಾಡಿಗೆ ಜೋಡಿಸುತ್ತಿರುತ್ತದೆ. ಊಟ ಮುಗಿಯುವ ಹೊತ್ತಿಗೆ ಎಲೆಯ ಮೇಲೆ ಒಂದು ಅರೆಬರೆ ಕುರಿ ಮಲಗಿರುತ್ತದೆ. ಪಕ್ಕದಲ್ಲಿ ಕೂತವರಿಗೆ ಇದು ಹಿತವಾಗಿರುವುದಿಲ್ಲ ಎಂದು ನನಗೂ ಗೊತ್ತು. ನನ್ನ ಗಂಡ ನಾಗರಾಜ ಬ್ಯಾಂಕಿನಲ್ಲಿರುವವರು, ಮಾತು ಕಡಿಮೆ. ನೆಂಟರ ಮನೆಗೆ ಊಟಕ್ಕೆ ಹೋದಾಗ ಏನೂ ಹೇಳದೆ ನನ್ನಿಂದ ನಾಲ್ಕು ಎಲೆ ಆಚೆ ಹೋಗಿ ಕೂರುತ್ತಾರೆ.

ಇದು ಹೊಟ್ಟೆಪಾಡಿನಿಂದ ಅಂಟಿದ ರೋಗ. ನಾನು ಮೂಳೆ ಓದುವವಳು. ಬೇಸಾಯ ಇನ್ನೂ ಗೊತ್ತಿರದಿದ್ದ ಕಾಲದ ಜನ ಬೇಟೆಯಾಡಿ ತಿಂದು ಬಿಸಾಡಿದ ಮೂಳೆಗಳು ಮಣ್ಣಿನಡಿ ಉಳಿದಿರುತ್ತವೆ. ಅಗೆದು ತೆಗೆದಾಗ ಅವು ಚೀಲಗಟ್ಟಲೆ ನನ್ನ ಮೇಜಿಗೆ ಬರುತ್ತವೆ. ಅವನ್ನು ತೊಳೆದು, ಇದು ಜಿಂಕೆಯದು, ಇದು ಕಾಡೆಮ್ಮೆಯದು ಎಂದು ಬೇರೆ ಮಾಡಿ, ಇಷ್ಟು ಪ್ರಾಣಿಗಳಿದ್ದವು, ಹೀಗೆ ಕೊಯ್ದರು, ಇಲ್ಲಿ ಒಡೆದು ಮಜ್ಜೆ ಹೀರಿದರು ಎಂದು ವರದಿ ಬರೆಯುತ್ತೇನೆ. ಇನ್ನೂ ಸರಳವಾಗಿ ಹೇಳಬೇಕೆಂದರೆ, ಸಾವಿರಾರು ವರ್ಷ ಹಳೆಯ ಎಂಜಲು ನೋಡಿ ಊಟ ಹೇಗಿತ್ತು ಎಂದು ಹೇಳುವುದು ನನ್ನ ಉದ್ಯೋಗ.

ನೆಂಟರಿಗೆ ಇದನ್ನು ಅರ್ಥ ಮಾಡಿಸುವುದರಲ್ಲಿ ನಾನು ಯಾವತ್ತೂ ಗೆದ್ದಿಲ್ಲ. ಹೆಸರಿನ ಮುಂದೆ ಡಾಕ್ಟರ್ ಎಂದಿದೆ, ಕೆಲಸ ಮೂಳೆಯದು ಎಂದು ಕೇಳಿದ್ದಾರೆ. ಅಷ್ಟು ಸಾಕು. ಚಾಮರಾಜಪೇಟೆಯ ಯಾವ ಮದುವೆಗೆ ಹೋದರೂ ಮಂಡಿನೋವಿನ ಇಬ್ಬರು ದೊಡ್ಡಮ್ಮಂದಿರು ನನ್ನನ್ನು ಕಂಬದ ಹಿಂದೆ ಕರೆದುಕೊಂಡು ಹೋಗುತ್ತಾರೆ. ಸತ್ತು ಐದು ಸಾವಿರ ವರ್ಷ ಆಗಿದ್ದರೆ ಮಾತ್ರ ನೋಡುತ್ತೇನೆ ಎಂದು ಒಮ್ಮೆ ಒಬ್ಬರಿಗೆ ಹೇಳಿಬಿಟ್ಟೆ. ಅವರು ನನ್ನ ಮಗಳ ಮದುವೆಗೆ ಬರುವುದಿಲ್ಲ ಎಂದು ಈಗಲೇ ತಿಳಿಸಿದ್ದಾರೆ. ನನ್ನ ಮಗಳಿಗೆ ಹನ್ನೊಂದು ವರ್ಷ.

ಗವಿಪುರದ ನಮ್ಮ ಮನೆಯಲ್ಲಿ ಕಷ್ಟ ಬೇರೆ ಥರದ್ದು. ಹೋಲಿಸಿ ನೋಡಲು ನನ್ನದೇ ಒಂದಷ್ಟು ಮೂಳೆಗಳು ಮನೆಯಲ್ಲಿರಬೇಕಾಗುತ್ತದೆ. ಅವನ್ನಿಡಲು ಅವೆನ್ಯೂ ರಸ್ತೆಯಲ್ಲಿ ಸಗಟಾಗಿ ಸಿಗುವ ಖಾಲಿ ಸ್ವೀಟ್ ಡಬ್ಬಗಳಿಗಿಂತ ಒಳ್ಳೆಯ ವಸ್ತು ನಾನು ಕಂಡಿಲ್ಲ. ಒಂದು ದೀಪಾವಳಿಯಲ್ಲಿ ಅತ್ತೆ ಬೀರುವಿನ ಮೇಲಿದ್ದ ಅರ್ಧ ಕೆಜಿ ಡಬ್ಬವೊಂದನ್ನು ತೆಗೆದು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ಅದರಲ್ಲಿದ್ದದ್ದು ಮೇಕೆಯ ದವಡೆ, ಹಲ್ಲುಗಳ ಸಮೇತ. ಮಾರನೆಯ ದಿನ ಅವರು ಡಬ್ಬ ವಾಪಸ್ ಕೊಟ್ಟರು. ಬರಿಗೈಲಿ ವಾಪಸ್ ಕೊಡಬಾರದು ಎಂದು ದವಡೆಯ ಮೇಲೆ ಎರಡು ಬಾಳೆಹಣ್ಣು ಇಟ್ಟಿದ್ದರು. ಆ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಇರಲಿ, ನಾನು ಹೇಳಹೊರಟದ್ದು ನನ್ನ ತಮ್ಮ ಮೋಹನನ ಬೀಗರೂಟದ ವಿಷಯ. ಅದಕ್ಕೂ ಮೊದಲು ಪುಟ್ಟಸ್ವಾಮಣ್ಣನ ಪರಿಚಯ ಆಗಬೇಕು.

ಅಪ್ಪನಿಗೆ ಕೆ.ಆರ್. ಮಾರ್ಕೆಟ್ ಹತ್ತಿರ ಹಗ್ಗ, ಗೋಣಿಚೀಲದ ಅಂಗಡಿ. ಮನೆ ಚಾಮರಾಜಪೇಟೆಯಲ್ಲಿ, ಹಿಂದೆ ಒಂದು ಸಪೋಟ ಮರ. ಯುಗಾದಿಯ ಮಾರನೆಯ ದಿನ, ಅಂದರೆ ವರ್ಷತೊಡಕಿನ ದಿನ, ಬೆಳಿಗ್ಗೆ ಆರಕ್ಕೆಲ್ಲ ಪುಟ್ಟಸ್ವಾಮಣ್ಣ ಮಚ್ಚು, ಮರದ ಕೊರಡು ಹಿಡಿದು ಬರುತ್ತಿದ್ದ. ನಮ್ಮ ನೆಂಟರಿಷ್ಟರ ಮನೆಗಳ ಮಾಂಸದೂಟವೆಲ್ಲ ಅವನದೇ ಕೈ ಅಡುಗೆ. ಕುರಿ ಆರಿಸುವುದರಿಂದ ಹಿಡಿದು ಕೊನೆಯ ಎಲೆಗೆ ಬಡಿಸುವವರೆಗೆ ಎಲ್ಲ ಅವನೇ ನೋಡಿಕೊಳ್ಳಬೇಕು. ನಾನು ಸಪೋಟ ಮರದ ಕೆಳಗೆ ಮಣೆ ಹಾಕಿಕೊಂಡು ಅವನೆದುರು ಕೂರುತ್ತಿದ್ದೆ. ಹೆಣ್ಣುಮಗು ಇದನ್ನೆಲ್ಲ ನೋಡಬಾರದು ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. ಪುಟ್ಟಸ್ವಾಮಣ್ಣ ತೊಡೆಮೂಳೆಯೊಂದನ್ನು ನನ್ನ ಕೈಗೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದ.

“ಈ ತುದೀಲಿ ಗುಂಡು ಐತಲ್ಲ, ಇದು ಯಾವಾಗಲೂ ಹೊಟ್ಟೆ ಕಡೆ ನೋಡ್ತದೆ. ಈಗ ಹೇಳವ್ವ, ಇದು ಎಡಗಾಲೋ ಬಲಗಾಲೋ?”

ನಾನು ಮೂಳೆಯನ್ನು ನನ್ನ ತೊಡೆಗೆ ಆನಿಸಿಕೊಂಡು, ಗುಂಡನ್ನು ಹೊಟ್ಟೆಯ ಕಡೆ ತಿರುಗಿಸಿ ಉತ್ತರ ಹೇಳುತ್ತಿದ್ದೆ. ಸರಿಯಾದರೆ ಹುರಿದ ಲಿವರ್ ಚೂರು ಒಂದು. ಮುಂದೆ ಎಂ.ಎ. ತರಗತಿಯಲ್ಲಿ ಇದೇ ಪ್ರಶ್ನೆ ಬಂದಾಗಲೂ ನಾನು ಮೂಳೆಯನ್ನು ತೊಡೆಗೆ ಆನಿಸಿಕೊಂಡೇ ಉತ್ತರ ಹೇಳಿದೆ. ಇಡೀ ತರಗತಿ ನಕ್ಕಿತು. ಆದರೆ ಉತ್ತರ ಸರಿಯಿದ್ದದ್ದು ನನ್ನದೊಂದೇ. ಲಿವರ್ ಮಾತ್ರ ಯಾರೂ ಕೊಡಲಿಲ್ಲ.

ಮೋಹನನ ಮದುವೆ ನಿಶ್ಚಯವಾದಾಗ ನನ್ನ ಮೇಜಿನ ಮೇಲೆ ಒಂದು ತೊಡಕಿನ ವರದಿ ಇತ್ತು. ಒಂದು ದೊಡ್ಡ ಬಂಡೆಯ ಆಸರೆಯಲ್ಲಿ ಬೇಟೆಗಾರರು ತಂಗುತ್ತಿದ್ದ ಜಾಗ. ಅಲ್ಲಿ ಜಿಂಕೆಗಳ ದವಡೆ, ಪಕ್ಕೆಲುಬು, ಗೊರಸು ಎಲ್ಲ ಬೇಕಾದಷ್ಟು ಸಿಕ್ಕಿದ್ದವು. ತೊಡೆಮೂಳೆ ಮಾತ್ರ ಇರಬೇಕಾದುದರಲ್ಲಿ ಅರ್ಧವೂ ಇರಲಿಲ್ಲ. ನನ್ನ ಉತ್ತರ ತಯಾರಿತ್ತು. ಬೇಟೆಗಾರರು ಅಲ್ಲಿ ಪ್ರಾಣಿಯನ್ನು ಕೊಯ್ದು, ಕಡಿಮೆ ಮಾಂಸದ ಭಾಗಗಳನ್ನು ಅಲ್ಲೇ ತಿಂದು, ತುಂಬು ಮಾಂಸದ ತೊಡೆಗಳನ್ನು ಬೇರೆಲ್ಲೋ ಇದ್ದ ತಮ್ಮ ದೊಡ್ಡ ಬಿಡಾರಕ್ಕೆ ಹೊತ್ತೊಯ್ದರು. ಅಗೆತದ ಮುಖ್ಯಸ್ಥರನ್ನು ನಾವು ಮೇಷ್ಟ್ರು ಎನ್ನುತ್ತೇವೆ. ನಾಯಿ ನರಿಗಳು ಎಳೆದುಕೊಂಡು ಹೋಗಿರಬಾರದೇಕೆ ಎಂದು ಅವರು ಒಂದೇ ಸಮನೆ ಕೇಳುತ್ತಿದ್ದರು. ಅವರ ಬಾಯಿ ಮುಚ್ಚಿಸಲು ನನಗೊಂದು ಪ್ರಯೋಗ ಬೇಕಿತ್ತು. ಎಷ್ಟು ಪ್ರಾಣಿ ಎಂದು ಮೊದಲೇ ಗೊತ್ತಿರುವ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಮುಗಿಯುವ ಒಂದು ಊಟ. ಉಳಿದ ಮೂಳೆಗಳನ್ನು ಎಣಿಸಿ ಆ ಸಂಖ್ಯೆಗೆ ವಾಪಸ್ ತಲುಪಲು ಆಗುತ್ತದೆಯೇ ಎಂದು ನೋಡಬೇಕಿತ್ತು.

ಮದುವೆ ಮುಗಿದ ಮೇಲೆ ಬೀಗರ ಕಡೆಯವರನ್ನು ಕರೆದು ಮಾಂಸದೂಟ ಹಾಕುವುದು ನಮ್ಮಲ್ಲಿ ಪದ್ಧತಿ. ಅದೇ ಬೀಗರೂಟ. ಅಪ್ಪ ಎಂಟು ಕುರಿ ಎಂದು ನಿರ್ಧರಿಸಿದ್ದರು. ಎಂಟು ಕುರಿ, ಒಂದು ಸಭಾಂಗಣ, ಒಂದು ಮಧ್ಯಾಹ್ನ. ಯಾವ ಸಂಶೋಧಕಿಗೆ ಇಂಥ ಅದೃಷ್ಟ ಸಿಗುತ್ತದೆ ಹೇಳಿ. ಎಂಜಲೆಲೆಗಳ ಮೂಳೆಗಳನ್ನು ನಾನು ತೆಗೆದುಕೊಂಡು ಹೋಗುತ್ತೇನೆ ಎಂದಾಗ ಮೋಹನ ನನ್ನ ಮುಖವನ್ನೇ ನೋಡಿದ. ಬೀಗರ ಕಣ್ಣಿಗೆ ಬೀಳದ ಹಾಗೆ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಪುಟ್ಟಸ್ವಾಮಣ್ಣನಿಗೆ ಮಾತ್ರ ಇದು ವಿಚಿತ್ರ ಎನ್ನಿಸಲೇ ಇಲ್ಲ. ಎಲೆ ಎತ್ತುವವರಿಗೆ ಹೇಳಿ ಮೂಳೆಗೆಂದೇ ಎರಡು ಪ್ಲಾಸ್ಟಿಕ್ ತೊಟ್ಟಿ ಇಡಿಸಿದ. ತಲೆಮಾಂಸದ ಬುರುಡೆ, ದವಡೆಗಳನ್ನೂ ಎತ್ತಿಡುತ್ತೇನೆ ಎಂದ.

ಕಣ್ಣಿಗೆ ಬೀಳದ ಹಾಗೆ ಮಾಡುತ್ತೇನೆ ಎಂಬ ಮಾತು ಮೊದಲ ಪಂಕ್ತಿಗೇ ಮುರಿದುಬಿತ್ತು. ಎಲೆ ಎತ್ತುವವರು ಅವಸರದಲ್ಲಿ ಮೂಳೆಯನ್ನೂ ಎಲೆಯನ್ನೂ ಸೇರಿಸಿ ಸುತ್ತಿಬಿಡುತ್ತಿದ್ದರು. ನಾನು ತಡೆಯಲಾರದೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ರಬ್ಬರ್ ಕೈಗವಸು ಹಾಕಿ, ಸಾಲಿಗೆ ಇಳಿದೆ. ಮಲ್ಲೇಶ್ವರದಿಂದ ಬಂದಿದ್ದ ಬೀಗಿತ್ತಿಯರು ಕೈ ತೊಳೆಯುತ್ತಾ ನಿಂತು ನೋಡಿದರು. ಮದುಮಗನ ಅಕ್ಕ ಎಂಜಲೆಲೆಯಿಂದ ಮೂಳೆ ಆರಿಸುತ್ತಿದ್ದಾಳೆ. ಅವರಲ್ಲೊಬ್ಬರು ನನ್ನ ಹತ್ತಿರ ಬಂದು, ಮನೆಯಲ್ಲಿ ನಾಯಿ ಸಾಕಿದ್ದೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಇಲ್ಲ ಎಂದೆ. ಹೌದು ಎನ್ನಬೇಕಿತ್ತು ಎಂದು ಆಮೇಲೆ ಹೊಳೆಯಿತು.

ಆದರೆ ಅಂದಿನ ನಿಜವಾದ ಅವಮಾನ ನನ್ನದಲ್ಲ. ಕೊನೆಯ ಪಂಕ್ತಿಗೆ ಮಾಂಸ ಸಾಲಲಿಲ್ಲ. ಆ ಪಂಕ್ತಿಯಲ್ಲಿ ಕೂತಿದ್ದವರು ಹೆಣ್ಣಿನ ಸೋದರಮಾವ ರಾಜಣ್ಣನವರು. ಎಲ್ಲರ ಊಟ ಆಗಲಿ, ನಾವು ಆಮೇಲೆ ಕೂರೋಣ ಎಂದು ದೊಡ್ಡತನದಿಂದ ತಮ್ಮ ಕಡೆಯ ಹಿರಿಯರ ಜೊತೆ ಕಾದಿದ್ದವರು. ಮುದ್ದೆ ಬಂತು, ಸಾರು ಬಂತು. ಸಾರಿನಲ್ಲಿ ಸೌಟು ಆಡಿಸಿದರೂ ಏನೂ ತಗಲಲಿಲ್ಲ. ರಾಜಣ್ಣನವರು ಮುದ್ದೆ ಮುರಿದು, ಸಾರಿನಲ್ಲದ್ದಿ, ನುಂಗಿ, ಅಪ್ಪನ ಕಡೆ ತಿರುಗಿದರು.

“ಸಾರು ಚೆನ್ನಾಗಿದೆ ಬೀಗ್ರೇ. ಕುರಿ ಎಲ್ಲಿ ಕಟ್ಟಿದೀರಾ?”

ಆ ಪಂಕ್ತಿ ಪೂರ್ತಿ ನಕ್ಕಿತು. ಅಪ್ಪ ನಗಲಿಲ್ಲ. ಹಗ್ಗದ ವ್ಯಾಪಾರದಲ್ಲಿ ಮೊಳ ಕಡಿಮೆ ಬಂತು ಎಂದು ಯಾರಿಂದಲೂ ಹೇಳಿಸಿಕೊಳ್ಳದ ಮನುಷ್ಯ. ಎಂಟು ಕುರಿ ಹಾಕಿದ್ದೇನೆ ಎಂದು ಮದುವೆಗೆ ಮುಂಚೆಯೇ ಊರಿಗೆಲ್ಲ ಹೇಳಿಕೊಂಡಿದ್ದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಮೂರನೆಯ ದಿನ ಅಪ್ಪನೇ ಫೋನ್ ಮಾಡಿದರು. ಇಷ್ಟು ವರ್ಷ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳದವರು ಅಂದು ಕೇಳಿದರು.

“ನೀನು ಮೂಳೆ ಎತ್ಕೊಂಡು ಹೋಗಿದೀಯಲ್ಲ, ಎಷ್ಟು ಕುರಿ ಬೆಂದಿತ್ತು ಅಂತ ಅದರಲ್ಲಿ ಗೊತ್ತಾಗುತ್ತಾ?”

ಗೊತ್ತಾಗುತ್ತದೆ ಎಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು ಎಂದರೆ ನೀವು ನಂಬಬೇಕು.

ಆ ವಾರವಿಡೀ ನಮ್ಮ ಮಹಡಿಯ ಮೇಲೆ ಹಂಡೆಯಲ್ಲಿ ಮೂಳೆ ಕುದಿಯಿತು. ಕುದಿಸಿ, ಉಜ್ಜಿ, ಬಿಸಿಲಿಗೆ ಹರಡಿ, ಗವಿಪುರದ ಕಾಗೆಗಳನ್ನು ಓಡಿಸುತ್ತಾ ಕೊಡೆ ಹಿಡಿದು ಕೂತಿದ್ದೆ. ನಾಗರಾಜ ಆಫೀಸಿಗೆ ಹೊರಡುವಾಗ ಮೇಲೆ ನೋಡುತ್ತಿರಲಿಲ್ಲ. ಆಮೇಲೆ ಎಣಿಕೆ. ಇದರಲ್ಲಿ ಮಂತ್ರ ತಂತ್ರ ಏನಿಲ್ಲ. ಒಂದು ಕುರಿಗೆ ಎಡದವಡೆ ಒಂದೇ, ಎಡತೊಡೆ ಒಂದೇ. ಎಡದವಡೆ ಎಂಟು ಸಿಕ್ಕಿದರೆ ಕುರಿ ಎಂಟಾದರೂ ಇದ್ದವು. ದವಡೆ ಎಡ ಎಂಟು, ಬಲ ಎಂಟು. ಹೆಗಲಿನ ಹಲಗೆ ಮೂಳೆ ಎಡ ಎಂಟು, ಬಲ ಎಂಟು. ತೊಡೆಯ ಗುಂಡು ಎಡ ಐದು, ಬಲ ಐದು. ಎಳೆಯ ಕುರಿಯಾದರೆ ಗುಂಡು ಕಳಚಿಕೊಂಡು ಕಳೆದುಹೋಗಬಹುದು. ಅದಕ್ಕೇ ಮಂಡಿಯ ಕಡೆಯ ತುದಿಯನ್ನೂ ಎಣಿಸಿದೆ. ಅದೂ ಐದು, ಐದು. ಎಂಟು ಕುರಿಗಳಿಗೆ ಹದಿನಾರು ತೊಡೆ. ಎಲೆಗೆ ಬಂದದ್ದು ಹತ್ತು. ಆರು ಕಾಣೆ.

ಆ ಭಾನುವಾರ ಚಾಮರಾಜಪೇಟೆಯ ನಡುಮನೆಯಲ್ಲಿ ಹಳೆಯ ಪೇಪರ್ ಹರಡಿ ಮೂಳೆಗಳನ್ನು ಸಾಲಾಗಿ ಜೋಡಿಸಿದೆ. ಅಪ್ಪ ರಾಜಣ್ಣನವರನ್ನೂ ಕರೆಸಿದ್ದರು. ಎಂಟು ಕುರಿ ಬಂದದ್ದು ನಿಜ ಎಂದು ಅವರ ಕಣ್ಣಿಗೆ ಕಾಣಬೇಕಿತ್ತು. ಪುಟ್ಟಸ್ವಾಮಣ್ಣನಿಗೂ ಹೇಳಿಕಳಿಸಿದ್ದರು. ಅವನು ಬಾಗಿಲ ಹತ್ತಿರ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ನಾನು ಒಂದು ಕಡ್ಡಿ ಹಿಡಿದು ವಿವರಿಸಿದೆ. ನನ್ನ ಯಾವ ಭಾಷಣವನ್ನೂ ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿಲ್ಲ. ರಾಜಣ್ಣನವರು ಮೊಣಕಾಲೂರಿ ದವಡೆಗಳನ್ನು ತಾವೇ ಎಣಿಸಿದರು. ಎಂಟು ಎಂದು ಒಪ್ಪಿದರು. ಅಪ್ಪನ ಬೆನ್ನು ನೆಟ್ಟಗಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಆರು ತೊಡೆ ಒಯ್ದವರು ಯಾರು ಎಂದು ಅಪ್ಪ ಕೇಳಿದರು. ನಾನು ವರದಿ ಬರೆಯುವ ಗತ್ತಿನಲ್ಲಿದ್ದೆ. ತೊಡೆಗಳು ಎಡ ಮೂರು, ಬಲ ಮೂರು, ಜೋಡಿ ಜೋಡಿಯಾಗಿ ಹೋಗಿವೆ. ಅಂದರೆ ಬೇಯುವ ಮೊದಲೇ ಕೀಲಿನಲ್ಲಿ ಬಿಡಿಸಿ, ಹೆಚ್ಚು ಮಾಂಸದ ಭಾಗ ಎಂದು ತಿಳಿದೇ ಎತ್ತಿಟ್ಟಿದ್ದಾರೆ. ಬಂಡೆಯಡಿಯ ಬೇಟೆಗಾರರೂ ಇದನ್ನೇ ಮಾಡಿದ್ದು. ಅಷ್ಟನ್ನೂ ಹೇಳಿ, ಕೊನೆಗೆ ಹೇಳಿದೆ.

“ಕೊಯ್ದ ಕೈಗೇ ಗೊತ್ತಿರ್ಬೇಕು ಅಪ್ಪ.”

ಎಲ್ಲರೂ ಬಾಗಿಲ ಕಡೆ ನೋಡಿದರು. ಪುಟ್ಟಸ್ವಾಮಣ್ಣ ಒಳಗೆ ಬಂದು, ಬಗ್ಗಿ, ಒಂದು ತೊಡೆಗುಂಡನ್ನು ಎತ್ತಿ ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟ.

“ಎಣಿಕೆ ಸರಿಯಾಗೈತೆ ಯಜಮಾನ್ರೇ. ಆರು ತೊಡೆ ಎಲೆಗೆ ಬರ್ಲಿಲ್ಲ.”

“ಮತ್ತೆ ಎಲ್ಲಿಗೆ ಹೋದ್ವು?” ಎಂದರು ಅಪ್ಪ.

“ಅದ ನಾನು ಹೇಳಕ್ಕಾಗಲ್ಲ.”

ಅಷ್ಟೇ. ಕೋಪವಿಲ್ಲ, ಆಣೆ ಪ್ರಮಾಣವಿಲ್ಲ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಮುಂದಿನ ತಿಂಗಳು ರಾಜಣ್ಣನವರ ಮೊಮ್ಮಗುವಿನ ನಾಮಕರಣ ಇತ್ತು, ಅಡುಗೆ ಪುಟ್ಟಸ್ವಾಮಣ್ಣನದೇ ಎಂದು ಮಾತಾಗಿತ್ತು. ಬೇರೆಯವರನ್ನು ನೋಡುತ್ತೇನೆ ಎಂದು ಹೇಳಿ ರಾಜಣ್ಣನವರೂ ಎದ್ದರು. ಕಾಫಿ ತರುತ್ತೇನೆ ಎಂದು ಒಳಗೆ ಹೋದ ಅಮ್ಮ ಅಲ್ಲಿಯವರೆಗೂ ಹೊರಗೆ ಬಂದಿರಲಿಲ್ಲ. ಕಾಫಿಯೂ ಬರಲಿಲ್ಲ. ನಾನದನ್ನು ಗಮನಿಸಲಿಲ್ಲ. ನಾನು ಗಮನಿಸುವುದು ಮೂಳೆಯನ್ನು ಮಾತ್ರ.

ಮಾರನೆಯ ಬೆಳಿಗ್ಗೆ ಅಮ್ಮ ಗವಿಪುರಕ್ಕೆ ಬಂದಳು. ಗಂಗಾಧರೇಶ್ವರನ ದರ್ಶನಕ್ಕೆ ಬಂದೆ ಎಂದಳು. ಗುಡಿಗೆ ಹೋಗಿರಲಿಲ್ಲ, ಹಣೆಯಲ್ಲಿ ವಿಭೂತಿ ಇರಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಹುರುಳಿಕಾಯಿ ಮುರಿಯುತ್ತಾ, ಆರು ತೊಡೆ ಕಳಿಸಿದ್ದು ನಾನೇ ಎಂದಳು.

ಕಳಿಸಿದ್ದು ಶ್ರೀನಗರದಲ್ಲಿರುವ ಚಿಕ್ಕಮ್ಮನ ಮನೆಗೆ. ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ನನ್ನ ಮದುವೆಗೆ ಅಪ್ಪ ಹಾಕಿಸಿದ ಬೀಗರೂಟದಲ್ಲಿ ಅವಳ ಗಂಡ, ನಮ್ಮ ಚಿಕ್ಕಪ್ಪ, ಮಾಂಸ ಬೆಂದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದರು. ಬೆಂದಿದೆ ಎಂದು ಅಪ್ಪ ಹೇಳಿದರು. ಬೆಂದಿಲ್ಲ ಎಂದು ಚಿಕ್ಕಪ್ಪ ಮತ್ತೊಮ್ಮೆ ಹೇಳಿದರು. ಅಂದಿನಿಂದ ಷಡ್ಡಕರಿಬ್ಬರಿಗೂ ಮಾತಿಲ್ಲ. ಮೋಹನನ ಮದುವೆಗೆ ಆ ಮನೆಗೆ ಕಾರ್ಡ್ ಕೂಡ ಹೋಗಲಿಲ್ಲ. ಆದರೆ ಮೋಹನ ಹುಟ್ಟಿದ ವರ್ಷ ಅಮ್ಮ ಕಾಯಿಲೆ ಬಿದ್ದಾಗ ಏಳು ತಿಂಗಳು ಅವನನ್ನು ಸೊಂಟದ ಮೇಲೆ ಹೊತ್ತವಳು ಚಿಕ್ಕಮ್ಮ. ಅವನ ಮದುವೆಯ ಊಟ ಅವಳಿಲ್ಲದೆ ನನಗೆ ಹೇಗೆ ಗಂಟಲಲ್ಲಿ ಇಳಿಯುತ್ತೆ ಎಂದಳು ಅಮ್ಮ. ಬೆಳಿಗ್ಗೆ ಪುಟ್ಟಸ್ವಾಮಣ್ಣನನ್ನು ಪಕ್ಕಕ್ಕೆ ಕರೆದು, ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡು, ತೊಡೆ ಬಿಡಿಸಿ ಡಬರಿಯಲ್ಲಿ ಇಡಿಸಿದ್ದಳು.

ಆರು ಯಾಕೆ ಎಂದು ಕೇಳಿದೆ. ಎರಡು ಚಿಕ್ಕಮ್ಮನಿಗೆ, ಎರಡು ಅವಳ ಹೆಣ್ಣುಮಕ್ಕಳಿಗೆ. ಉಳಿದೆರಡು ಅಕ್ಕಪಕ್ಕದ ಮನೆಗೆ ಹಂಚಲು. ಅಕ್ಕನ ಮನೆಯವರು ಕರೆದಿದ್ದರು, ಕಾಲುನೋವು ಎಂದು ನಾವೇ ಹೋಗಲಿಲ್ಲ, ಅದಕ್ಕೇ ಮನೆಗೇ ಕಳಿಸಿದ್ದಾರೆ ಎಂದು ಚಿಕ್ಕಮ್ಮ ಆ ಬೀದಿಯಲ್ಲಿ ತಲೆಯೆತ್ತಿ ಹೇಳಬೇಕಲ್ಲ.

ಹೇಗೆ ಕಳಿಸಿದೆ ಎಂದೆ. ಮಾರ್ಕೆಟ್ಟಿನಿಂದ ಹೂವು, ಬಾಳೆಎಲೆ ತಂದ ಲಗೇಜ್ ಆಟೋದಲ್ಲಿ ಎಂದಳು.

“ಮೊಸರಿನ ಪಾತ್ರೆ ವಾಪಸ್ ಕೊಡ್ಬೇಕು, ಒಂದು ಕೈ ಹಿಡಿ ಅಂದಾಗ ನೀನೇ ಅಲ್ವೇನೇ ಎತ್ತಿ ಒಳಗಿಟ್ಟಿದ್ದು?”

ನಿಜ. ನಾನೇ. ಖಾಲಿ ಮೊಸರಿನ ಪಾತ್ರೆ ಇಷ್ಟು ಭಾರವೇ ಎಂದುಕೊಂಡದ್ದೂ ನೆನಪಾಯಿತು. ಸಾವಿರಾರು ವರ್ಷದ ಹಿಂದೆ ಯಾರೋ ಹೊತ್ತೊಯ್ದ ತೊಡೆಗಳ ಬಗ್ಗೆ ನಲವತ್ತು ಪುಟ ಬರೆದಿದ್ದ ನಾನು, ನನ್ನ ಕೈಯಾರೆ ಹೊತ್ತ ತೊಡೆಗಳನ್ನು ಗುರುತಿಸಿರಲಿಲ್ಲ.

ನಿನ್ನ ಲೆಕ್ಕ ತಪ್ಪು ಎಂದು ಅಪ್ಪನಿಗೆ ಹೇಳಿಬಿಡು, ಪುಟ್ಟಸ್ವಾಮಿಯ ಹೆಸರು ಉಳಿಯಲಿ ಎಂದಳು ಅಮ್ಮ. ನನ್ನ ಸಣ್ಣತನವನ್ನು ಮುಚ್ಚಿಡುವುದಿಲ್ಲ. ಜೀವನದಲ್ಲಿ ಮೊದಲ ಸಲ ಅಪ್ಪ ನನ್ನ ವಿದ್ಯೆಯನ್ನು ಒಪ್ಪಿದ್ದರು, ಅದೂ ಒಂದೇ ದಿನದ ಮಟ್ಟಿಗೆ. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವನ ನೆನಪಾಯಿತು. ಹುರುಳಿಕಾಯಿ ಅಲ್ಲೇ ಬಿಟ್ಟು ಇಬ್ಬರೂ ಆಟೋ ಹತ್ತಿದೆವು.

ಅಪ್ಪ ಅಂಗಡಿಗೆ ಹೊರಡುತ್ತಿದ್ದರು. ನಾನು ಮುಖ ಗಂಭೀರ ಮಾಡಿಕೊಂಡು, ಮತ್ತೆ ನೋಡಿದೆ, ನನ್ನ ಎಣಿಕೆಯಲ್ಲಿ ದೋಷವಿದೆ, ಆ ತೊಡೆಮೂಳೆಗಳನ್ನು ಸಭಾಂಗಣದ ಹಿಂದಿನ ಬೀದಿನಾಯಿಗಳು ಎಳೆದುಕೊಂಡು ಹೋಗಿವೆ ಎಂದೆ. ಮೇಷ್ಟ್ರ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು.

“ನಾಯಿ ಎಡಗಡೆ ಮೂರು, ಬಲಗಡೆ ಮೂರು ಅಂತ ಲೆಕ್ಕ ಹಾಕ್ಕೊಂಡು ತಗೊಂಡು ಹೋಯ್ತಾ?”

ಮೇಷ್ಟ್ರಿಗೆ ನಾನೇ ಹಾಕಬೇಕಾಗಿದ್ದ ಪ್ರಶ್ನೆ ಅದು. ಹಗ್ಗದ ವ್ಯಾಪಾರಿಯ ಬಾಯಲ್ಲಿ ಬಂದಿತ್ತು.

ಅಮ್ಮ ನನ್ನ ಹಿಂದಿನಿಂದ ಮುಂದೆ ಬಂದಳು.

“ನಾಯಿ ಅಲ್ಲ ಕಣ್ರೀ. ನಾನು. ತಂಗಿ ಮನೆಗೆ ಕಳಿಸ್ದೆ.”

ಅಪ್ಪ ಕುರ್ಚಿಯಲ್ಲಿ ಕೂತರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಈಗ ಅಪ್ಪ ಕೂಗಾಡುತ್ತಾರೆ, ತಡೆಯಬೇಕು ಎಂದು ನಾನು ಇಬ್ಬರ ನಡುವೆ ಬಂದು ನಿಂತೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿ ಎಂದು ಕೈಯಲ್ಲೇ ಸನ್ನೆ ಮಾಡಿದರು.

“ಅವನು ತಿಂದ್ನಾ?” ಎಂದು ಕೇಳಿದರು.

“ತಿಂದ್ರಂತೆ.”

“ಏನಂದ?”

ಅಮ್ಮ ಸೆರಗಿನ ತುದಿಯನ್ನು ಬಿಟ್ಟಳು. “ಈ ಸಲ ಚೆನ್ನಾಗಿ ಬೆಂದಿದೆ ಅಂದ್ರಂತೆ.”

ಅಪ್ಪನ ಮೀಸೆ ಒಂದು ಕಡೆ ಅಲುಗಿತು. ಬೇಯಿಸಿದ್ದು ಚಿಕ್ಕಮ್ಮ ಎಂಬುದನ್ನು ಇಬ್ಬರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ, ನಾನೂ ನೆನಪಿಸಲಿಲ್ಲ. ಅಪ್ಪ ಎದ್ದು ಹೋಗಿ ಮೊದಲು ಮಾಡಿದ ಕೆಲಸ ರಾಜಣ್ಣನವರಿಗೆ ಫೋನ್. ನಮ್ಮ ಮನೆಯವಳೇ ತಂಗಿಗೆ ಕಳಿಸಿದ್ದು, ಪುಟ್ಟಸ್ವಾಮಿಯ ತಪ್ಪು ಎಳ್ಳಷ್ಟೂ ಇಲ್ಲ ಎಂದು ನೇರವಾಗಿ ಹೇಳಿದರು. ಹೆಂಡತಿ ತಮಗೆ ಗೊತ್ತಿಲ್ಲದೆ ಆರು ತೊಡೆ ಸಾಗಿಸಿದಳು ಎಂದು ಬೀಗರ ಮುಂದೆ ಒಪ್ಪಿಕೊಳ್ಳುವುದು ಅಪ್ಪನಂಥವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಮೊದಲೇ ಹೇಳಿದ್ದರೆ ನಾನೂ ಅವತ್ತು ಶ್ರೀನಗರಕ್ಕೇ ಊಟಕ್ಕೆ ಹೋಗುತ್ತಿದ್ದೆನಲ್ಲ ಎಂದರಂತೆ ರಾಜಣ್ಣನವರು. ನಾಮಕರಣದ ಅಡುಗೆ ಮತ್ತೆ ಪುಟ್ಟಸ್ವಾಮಣ್ಣನ ಕೈಗೆ ಬಂತು. ಎರಡನೆಯ ಫೋನ್ ಹೋದದ್ದು ಶ್ರೀನಗರಕ್ಕೆ, ಚಿಕ್ಕಪ್ಪನಿಗೆ.

ಆದರೆ ಪುಟ್ಟಸ್ವಾಮಣ್ಣನ ಮುಖ ನೋಡುವುದು ಬಾಕಿ ಇತ್ತು. ಅಂದೇ ಸಂಜೆ ಅಪ್ಪ, ನಾನು ಗುಡ್ಡದಹಳ್ಳಿಯ ಅವನ ಮನೆಗೆ ಹೋದೆವು. ಒಂದು ಕೋಣೆ, ಮುಂದೆ ಸಣ್ಣ ಜಗಲಿ. ಅವನು ಜಗಲಿಯ ಮೇಲೆ ಕೂತು ಮಚ್ಚು ಮಸೆಯುತ್ತಿದ್ದ. ತಪ್ಪಾಯಿತು ಎಂಬ ಮಾತು ಅಪ್ಪನಿಗೆ ಬಾಯಿಂದ ಹೊರಡುವುದಿಲ್ಲ. ಬಿಸಿಲಿನ ಬಗ್ಗೆ ಮಾತಾಡಿದರು. ಮೈಸೂರು ರಸ್ತೆಯ ಟ್ರಾಫಿಕ್ ಬಗ್ಗೆ ಮಾತಾಡಿದರು. ಮುಂದಿನ ಭಾನುವಾರ ಷಡ್ಡಕ ಮನೆಗೆ ಬರುತ್ತಾನೆ, ನೀನೇ ಬಂದು ಅಡುಗೆ ಮಾಡಬೇಕು ಎಂದರು. ಪುಟ್ಟಸ್ವಾಮಣ್ಣನಿಗೆ ಅದರಲ್ಲೇ ಎಲ್ಲ ಅರ್ಥವಾಯಿತು. ಬರುತ್ತೇನೆ, ಎಷ್ಟು ತೊಡೆ ಎತ್ತಿಡಬೇಕು ಅಂತ ಅಮ್ಮಾವ್ರನ್ನ ಕೇಳಿ ಹೇಳಿ ಎಂದ. ಅಪ್ಪ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು.

ನನ್ನಿಂದ ನಗಲಾಗಲಿಲ್ಲ. ನನ್ನದು ತಪ್ಪಾಯಿತು ಪುಟ್ಟಸ್ವಾಮಣ್ಣ ಎಂದೆ. ನಾನು ಮಾತು ಮುಗಿಸುವವರೆಗೆ ಅವನು ಮಚ್ಚನ್ನು ಪಕ್ಕಕ್ಕಿಟ್ಟು ಕೇಳಿದ.

“ನಿನ್ನ ಎಣಿಕೇಲಿ ಏನೂ ತಪ್ಪಿರ್ಲಿಲ್ಲ ಕಣವ್ವ. ಮೂಳೆ ಎಣಿಸ್ದೆ. ಒಲೆ ಮುಂದೆ ಇದ್ದೋನ ಒಂದು ಮಾತು ಕೇಳ್ಲಿಲ್ಲ, ಅಷ್ಟೇಯ.”

ಕೇಳಿದ್ದರೆ ಹೇಳುತ್ತಿದ್ದೆಯಾ ಎಂದೆ. ಇಲ್ಲ ಎಂದ. ಮಾತು ಕೊಟ್ಟಿದ್ದನಲ್ಲ. ಆದರೂ ನೀನು ಕೇಳಿದ್ದರೆ ಆಗುತ್ತಿತ್ತು ಎಂದ. ಅವನ ಹೆಂಡತಿ ಒಳಗಿನಿಂದ ಟೀ ತಂದಿಟ್ಟಳು. ಟೀ ಕುಡಿಯುತ್ತಾ, ನೀನು ಬರೆಯುವ ಆ ಹಳೇ ಕಾಲದ ಬೇಟೆಯವರ ಮೂಳೆಯಲ್ಲೂ ಹೀಗೇ ತೊಡೆ ಕಾಣೆಯಾಗಿದೆ ಎಂದೆಯಲ್ಲ ಎಂದು ಕೇಳಿದ. ಅಂದು ನಡುಮನೆಯಲ್ಲಿ ನಾನು ಹೇಳಿದ್ದನ್ನು ಬಾಗಿಲಲ್ಲಿ ನಿಂತೇ ಪೂರ್ತಿ ಕೇಳಿಸಿಕೊಂಡಿದ್ದ. ಹೌದು ಎಂದೆ.

“ಅವರ ಕಡೆ ಕೇಳಾಕೆ ಯಾರೂ ಇಲ್ವಲ್ಲವ್ವ?”

“ಯಾರೂ ಇಲ್ಲ.”

ಅವನು ಲೋಟದ ತಳದಲ್ಲಿದ್ದ ಟೀಯನ್ನು ಒಂದು ಸುತ್ತು ಆಡಿಸಿ ಕುಡಿದು ಮುಗಿಸಿದ.

“ಹಂಗಾದ್ರೆ ನಿಧಾನಕ್ಕೆ ಬರಿ.”

ಆ ವಾರ ಕೊಡಬೇಕಾಗಿದ್ದ ವರದಿಯನ್ನು ನಾನು ಮೇಷ್ಟ್ರಿಗೆ ಕೊಟ್ಟದ್ದು ನಾಲ್ಕು ತಿಂಗಳ ನಂತರ. ನಲವತ್ತು ಪುಟ ಇಪ್ಪತ್ತಾರಕ್ಕೆ ಇಳಿದಿತ್ತು.